ಮೈತೂಕ ನಡತೆಯ ಅಳತೆಯಲ್ಲ



ಕಳೆದ ಶ್ರಾವಣದಲ್ಲಿ ದೇವರಾಯಸಮುದ್ರದ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ವಚನಗೋಷ್ಠಿ ಇತ್ತು. ಕೋಲಾರ ಸೀಮೆಯಲ್ಲಿ ನಮ್ಮ ಸಂಖ್ಯೆ ಕಡಿಮೆ. ಹೀಗಾಗಿ ಗೋಷ್ಠಿ ಎಂದರೆ ಸುತ್ತಲಿನ ನಾಲ್ಕಾರು ಊರಿನವರು ಒಟ್ಟಿಗೆ ಸೇರುವ ದಿನ. ಗೋಷ್ಠಿ ಮುಗಿದು ಪ್ರಸಾದಕ್ಕೆ ಪಂಕ್ತಿ ಕೂತಿತು. ನನ್ನ ತಂಗಿಯ ಎಲೆಯ ಮುಂದೆ ಹೋಳಿಗೆ ಬಂದಾಗ ಹಿರಿಯರೊಬ್ಬರು ಸಲುಗೆಯಿಂದ, "ಆ ಅಮ್ಮನಿಗೆ ಒಂದು ಎಲ್ಲಿ ಸಾಕಾಗುತ್ತೆ, ನಾಲ್ಕು ಹಾಕ್ರಪ್ಪ" ಎಂದರು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ತಂಗಿ ಅರ್ಧ ಹೋಳಿಗೆ ತಿಂದು ಕೈತೊಳೆದಳು. ಮುಂದಿನ ವಾರದಿಂದ ಗೋಷ್ಠಿಗೆ ಬರಲಿಲ್ಲ. ಕೇಳಿದರೆ, "ಮಂಡಿ ನೋವು ಅಣ್ಣ" ಎಂದಳು.

ನನ್ನ ತಂಗಿಗೆ ಐವತ್ತೆಂಟು ವರ್ಷ. ಬೆಳಗಿನ ಐದಕ್ಕೆ ಎದ್ದು ಎರಡು ಹಸುಗಳ ಹಾಲು ಕರೆದು ಡೇರಿಗೆ ಹಾಕಿ ಬರುತ್ತಾಳೆ. ಮೇವು, ಸಗಣಿ, ಅಡಿಗೆ, ಮೊಮ್ಮಕ್ಕಳು ಎಲ್ಲವೂ ಅವಳದೇ. ನಾನೋ ಸರ್ಕಾರಿ ಇಂಜಿನಿಯರ್ ಆಗಿ ನಿವೃತ್ತನಾದವನು. ಬೆಳಿಗ್ಗೆ ಪತ್ರಿಕೆ, ಸಂಜೆ ಪುಸ್ತಕ. ನಲವತ್ತನೆಯ ವಯಸ್ಸಿನಿಂದ ಇಂದಿನವರೆಗೆ ನನ್ನ ತೂಕ ಅರವತ್ತು ಕಿಲೋ ಆಸುಪಾಸಿನಲ್ಲೇ ಇದೆ. ಇದು ನನ್ನ ಸಂಯಮದ ಫಲ ಎಂದೇ ನಂಬಿದ್ದೆ. ತಂಗಿಗೆ ಎಷ್ಟೋ ಸಲ ಬುದ್ಧಿ ಹೇಳಿದ್ದೆ: "ನಾಲಿಗೆ ಬಿಗಿಹಿಡಿಯಮ್ಮ, ಸ್ವಲ್ಪ ಮೈ ಬಗ್ಗಿಸು." ನನಗಿಂತ ಹೆಚ್ಚು ಕಾಯಕ ಮಾಡುವವಳಿಗೆ ನಾನು ಕಾಯಕದ ಉಪದೇಶ ಮಾಡುತ್ತಿದ್ದೆ!

ಅದೇ ಕಾರ್ತಿಕದಲ್ಲಿ ಆರೋಗ್ಯ ತಪಾಸಣಾ ಶಿಬಿರವೊಂದಕ್ಕೆ ಇಬ್ಬರೂ ಹೋದೆವು. ತಂಗಿಯ ರಕ್ತದೊತ್ತಡ ಸ್ವಲ್ಪ ಹೆಚ್ಚಿತ್ತು, ಸಕ್ಕರೆ ಸರಿಯಾಗಿತ್ತು. ಸಕ್ಕರೆ ಕಾಯಿಲೆ ಕಂಡದ್ದು ನನಗೆ. "ತೆಳ್ಳಗಿದ್ದೀನಲ್ಲ ಡಾಕ್ಟ್ರೇ?" ಎಂದೆ. ಅವರು ಮಾತಾಡದೆ ಟೇಪು ತೆಗೆದು ನನ್ನ ಸೊಂಟ ಅಳೆದರು. ತೊಂಬತ್ತನಾಲ್ಕು ಸೆಂಟಿಮೀಟರ್. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದು. ಅಂಗಿ ಮುಚ್ಚಿದ್ದನ್ನು ಟೇಪು ತೋರಿಸಿತು.

ಒಂದೇ ತಾಯಿಯ ಮಕ್ಕಳು, ಒಂದೇ ಒಲೆಯ ಮುದ್ದೆ ತಿಂದು ಬೆಳೆದವರು. ಒಬ್ಬರು ದಪ್ಪ, ಒಬ್ಬರು ತೆಳ್ಳಗೆ ಆದದ್ದು ಹೇಗೆ? ಲೆಕ್ಕ ತಪ್ಪಿದರೆ ಇಂಜಿನಿಯರನಿಗೆ ನಿದ್ದೆ ಬರುವುದಿಲ್ಲ. ಆಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ ಕೆರೆಗಳ ಲೆಕ್ಕ ಬರೆದವನು. ಮೈಯ ಲೆಕ್ಕವೂ ಒಂದು ರೀತಿಯಲ್ಲಿ ಕೆರೆಯ ಲೆಕ್ಕವೇ.

ನಮ್ಮ ಊರಿನ ಹೆಸರಿನಲ್ಲೇ ಸಮುದ್ರವಿದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಹಿಂದಿನವರು ದೊಡ್ಡ ಕೆರೆಯನ್ನೇ ಸಮುದ್ರವೆಂದು ಕರೆದರು. ಕೆರೆಗೆ ನೀರು ಕಾಲುವೆಯಿಂದ ಬರುತ್ತದೆ. ತೂಬಿನಿಂದ ಹೋಗುತ್ತದೆ, ಬಿಸಿಲಿಗೆ ಆರುತ್ತದೆ, ನೆಲಕ್ಕೆ ಇಂಗುತ್ತದೆ, ತುಂಬಿದರೆ ಕೋಡಿ ಬೀಳುತ್ತದೆ. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಉಳಿದದ್ದು ಕೆರೆಯಲ್ಲಿರುತ್ತದೆ. ಮೈಯೂ ಹಾಗೆಯೇ. ತಿಂದದ್ದರಲ್ಲಿ ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಕೂರುತ್ತದೆ. ಇದು ನಿಜ, ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಂದೇ ಮಳೆಗೆ ಪಕ್ಕಪಕ್ಕದ ಎರಡು ಕೆರೆಗಳಲ್ಲಿ ಒಂದು ತುಂಬಿ ಇನ್ನೊಂದು ಬರಿದಾಗಿರುವುದನ್ನು ನಾವು ಕಂಡಿಲ್ಲವೇ? ಆಗ ಬರಿದಾದ ಕೆರೆಯನ್ನು ಸಂಯಮಿ ಎಂದೂ ತುಂಬಿದ ಕೆರೆಯನ್ನು ಹೊಟ್ಟೆಬಾಕ ಎಂದೂ ಕರೆಯುತ್ತೇವೆಯೇ? ಕಾಲುವೆ ಎಷ್ಟು ಅಗಲ, ನೆಲ ಎಷ್ಟು ಇಂಗುತ್ತದೆ, ಕೋಡಿ ಎಷ್ಟು ಎತ್ತರ ಎಂದು ನೋಡುತ್ತೇವೆ. ಮನುಷ್ಯರ ವಿಷಯದಲ್ಲಿ ಮಾತ್ರ ನೋಡುವ ಮೊದಲೇ ತೀರ್ಪು ಕೊಡುತ್ತೇವೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರು ವರ್ಷಕ್ಕೆ 7,30,000 ಕ್ಯಾಲೊರಿ ಉಣ್ಣುತ್ತಾರೆ. ಮೈಯಲ್ಲಿ ಒಂದು ಕಿಲೋ ಕೊಬ್ಬು ಕೂರಲು ಸುಮಾರು 7,700 ಕ್ಯಾಲೊರಿ ಉಳಿಯಬೇಕು. ಎಂದರೆ ವರ್ಷಕ್ಕೆ ಒಂದು ಕಿಲೋ ಏರಿದವರ ಲೆಕ್ಕ ತಪ್ಪಿರುವುದು ನೂರಕ್ಕೆ ಒಂದರಷ್ಟು ಮಾತ್ರ. ಇಪ್ಪತ್ತು ವರ್ಷ ನನ್ನ ತೂಕ ಕದಲದೆ ನಿಂತಿದೆ ಎಂದರೆ ಅದಕ್ಕಿಂತಲೂ ಸೂಕ್ಷ್ಮವಾದ ಲೆಕ್ಕ ನನ್ನ ಮೈಯಲ್ಲಿ ನಡೆದಿದೆ. ನಾನೆಂದೂ ಕ್ಯಾಲೊರಿ ಎಣಿಸಿದವನಲ್ಲ. ಯಾವ ನೀರುಗಂಟಿಯೂ ಕೈಯಿಂದ ತೂಬನ್ನು ಇಷ್ಟು ನಿಖರವಾಗಿ ತೆರೆದು ಮುಚ್ಚಲಾರ. ಹಾಗಾದರೆ ಆ ಲೆಕ್ಕ ಇಟ್ಟವರು ಯಾರು? ನನ್ನ ಸಂಯಮವಂತೂ ಅಲ್ಲ. ಮಿದುಳಿನ ಬುಡದಲ್ಲಿ ಹಸಿವು ತೃಪ್ತಿಗಳನ್ನು ನಡೆಸುವ ಒಂದು ಭಾಗವಿದೆ. ಮೈಯ ಕೊಬ್ಬೇ ಅದಕ್ಕೆ ಸುದ್ದಿ ಕಳಿಸುತ್ತದೆ. ಆ ಸುದ್ದಿಯನ್ನು ಒಯ್ಯುವ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾದದ್ದು 1994ರಲ್ಲಿ. ಕೆಲವರಿಗೆ ಮುದ್ದೆಯ ಕೊನೆಯ ತುತ್ತಿಗೆ ಮೊದಲೇ ಸಾಕೆನಿಸುತ್ತದೆ, ಕೆಲವರಿಗೆ ಕೈತೊಳೆದು ಎದ್ದರೂ ಹಸಿವು ಹೋಗಿರುವುದಿಲ್ಲ. ಹಸಿವಾಗದವನು ಉಪವಾಸ ಮಾಡಿದೆ ಎಂದು ಹೆಮ್ಮೆಪಡುವುದರಲ್ಲಿ ಏನು ಅರ್ಥವಿದೆ?

ಇದು ಬರೀ ಊಹೆಯಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಕೆನಡಾದಲ್ಲಿ ಕ್ಲಾಡ್ ಬುಶಾರ್ ಮತ್ತು ಸಂಗಡಿಗರು ಹನ್ನೆರಡು ಜೊತೆ ತದ್ರೂಪಿ ಅವಳಿ ಯುವಕರಿಗೆ ವಾರದಲ್ಲಿ ಆರು ದಿನದಂತೆ ಒಟ್ಟು 84 ದಿನ, ದಿನಕ್ಕೆ 1,000 ಕ್ಯಾಲೊರಿ ಹೆಚ್ಚುವರಿಯಾಗಿ ಉಣಿಸಿದರು. ಎಲ್ಲರಿಗೂ ಹೆಚ್ಚುವರಿ ಊಟ ಒಂದೇ ಅಳತೆ. ಆದರೆ ಏರಿದ ತೂಕ ಒಬ್ಬರಲ್ಲಿ ನಾಲ್ಕು ಕಿಲೋ ಚಿಲ್ಲರೆ, ಇನ್ನೊಬ್ಬರಲ್ಲಿ ಹದಿಮೂರು ಕಿಲೋಗೂ ಮೇಲೆ! ಅಣ್ಣತಮ್ಮಂದಿರ ಜೊತೆಯೊಳಗೆ ಮಾತ್ರ ಏರಿಕೆ ಒಬ್ಬರಿಗೊಬ್ಬರದು ಹೋಲುತ್ತಿತ್ತು. 1990ರಲ್ಲಿ ಪ್ರಕಟವಾದ ಈ ಫಲಿತಾಂಶ ಹೇಳುವುದಿಷ್ಟೆ: ಹೆಚ್ಚಾದ ಅನ್ನವನ್ನು ಮೈ ಏನು ಮಾಡುತ್ತದೆ ಎಂಬುದರಲ್ಲಿ ಹುಟ್ಟಿನ ಕೈವಾಡ ದೊಡ್ಡದು.

ಡೆನ್ಮಾರ್ಕಿನಲ್ಲಿ ದತ್ತು ಹೋದ ಮಕ್ಕಳನ್ನು ದೊಡ್ಡವರಾದ ಮೇಲೆ ಗಮನಿಸಿದ 1986ರ ಅಧ್ಯಯನದಲ್ಲೂ ಇಂಥದೇ ಸಂಗತಿ ಕಂಡಿತು. ಅವರ ಮೈಕಟ್ಟು ಹೆತ್ತವರನ್ನು ಹೋಲುತ್ತಿತ್ತು, ಸಾಕಿದವರನ್ನಲ್ಲ. ಅಮೆರಿಕದಲ್ಲಿ 1999ರಲ್ಲಿ ಹದಿನಾರು ಜನರಿಗೆ ಎಂಟು ವಾರ ಹೀಗೆಯೇ ಹೆಚ್ಚು ಉಣಿಸಿದಾಗ ಕೆಲವರಲ್ಲಿ ಅರ್ಧ ಕಿಲೋ ಕೊಬ್ಬೂ ಕೂರಲಿಲ್ಲ, ಕೆಲವರಲ್ಲಿ ನಾಲ್ಕು ಕಿಲೋ ಕೂತಿತು. ಕೊಬ್ಬು ಕೂರದವರು ವ್ಯಾಯಾಮ ಮಾಡಿದವರಲ್ಲ. ಕೂತಲ್ಲಿ ಕೂರದೆ ಎದ್ದು ಓಡಾಡುವುದು, ಕಾಲು ಕುಣಿಸುವುದು, ಕೈ ಆಡಿಸುವುದು ಅವರಲ್ಲಿ ತಾನಾಗಿಯೇ ಹೆಚ್ಚಿತ್ತು. ಕಚೇರಿಯಲ್ಲಿ ನಾನು ಕುರ್ಚಿಯಲ್ಲಿ ಹತ್ತು ನಿಮಿಷ ನೆಟ್ಟಗೆ ಕೂರುತ್ತಿರಲಿಲ್ಲ ಎಂದು ಸಹೋದ್ಯೋಗಿಗಳು ನಗುತ್ತಿದ್ದದ್ದು ಓದುವಾಗ ನೆನಪಾಯಿತು. ನನಗೆ ಅದು ಹುಟ್ಟಿನಿಂದ ಬಂದ ಚಾಳಿ, ನಾನು ಗಳಿಸಿದ ಗುಣವಲ್ಲ.

ತಕ್ಷಣ ಒಂದು ಪ್ರಶ್ನೆ ಏಳುತ್ತದೆ. ಎಲ್ಲವೂ ಹುಟ್ಟಿನದೇ ಆದರೆ, ನಲವತ್ತು ವರ್ಷದ ಹಿಂದೆ ನಮ್ಮೂರಿನಲ್ಲಿ ದಪ್ಪಗಿದ್ದವರು ಬೆರಳೆಣಿಕೆಯಷ್ಟಿದ್ದು ಈಗ ಮನೆಗೊಬ್ಬರಿರುವುದೇಕೆ? ಇಷ್ಟರಲ್ಲೇ ನಮ್ಮ ರಕ್ತ ಬದಲಾಗಿಬಿಟ್ಟಿತೇ? ನ್ಯಾಯವಾದ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ವಯಸ್ಕರು, ಹೆಂಗಸರಲ್ಲೂ ಗಂಡಸರಲ್ಲೂ, ಅಧಿಕ ತೂಕದವರು. ಕೆರೆ ಬದಲಾಗಿಲ್ಲ, ಮಳೆ ಬದಲಾಗಿದೆ. ಎರಡು ಹದ ಮಳೆಗೆಂದು ಕಟ್ಟಿದ ಕೆರೆಗೆ ವರ್ಷವಿಡೀ ನೀರು ಹರಿದರೆ ಯಾವ ಕೆರೆ ಬೇಗ ತುಂಬುವಂಥದೋ ಅದು ಬೇಗ ತುಂಬುತ್ತದೆ. ಬರಗಾಲದಲ್ಲಿ ಎಲ್ಲ ಕೆರೆಗಳೂ ಒಂದೇ ತರಹ ಕಾಣುತ್ತವೆ. ನೀರು ಬಂದಾಗಲೇ ಒಂದೊಂದರ ಗುಣ ಗೊತ್ತಾಗುವುದು.

ನಮ್ಮ ಮಳೆ ಹೇಗೆ ಬದಲಾಯಿತು ನೋಡಿ. ನಾನು ಹುಡುಗನಾಗಿದ್ದಾಗ ಎರಡು ಹೊತ್ತೂ ರಾಗಿ ಮುದ್ದೆ, ಜೊತೆಗೆ ಮಸ್ಸೊಪ್ಪು ಇಲ್ಲವೇ ಹುರುಳಿಕಾಳಿನ ಬಸ್ಸಾರು, ಚಳಿಗಾಲಕ್ಕೆ ಅವರೆಕಾಳು. ಅನ್ನ ಕಂಡದ್ದು ಹಬ್ಬದಲ್ಲಿ. ಎಣ್ಣೆ ಒಗ್ಗರಣೆಗಷ್ಟೆ. ಮುಳಬಾಗಿಲಿನ ದೋಸೆ ತಿನ್ನಬೇಕೆಂದರೆ ಸಂತೆಯ ದಿನ ಬರಬೇಕಿತ್ತು. ಇಂದು ಬಿಳಿ ಅನ್ನ ಮೂರು ಹೊತ್ತಿನದಾಗಿದೆ. ಬೇಕರಿ ಹಳ್ಳಿಯ ಬಾಗಿಲಿಗೆ ಬಂದಿದೆ. ಪೆಟ್ಟಿಗೆ ಅಂಗಡಿಯಲ್ಲಿ ಐದು ರೂಪಾಯಿ ಚಿಪ್ಸ್ ಪೊಟ್ಟಣಗಳು ತೋರಣದಂತೆ ನೇತಾಡುತ್ತವೆ. ಕಪಿಲೆ ಹೊಡೆಯುತ್ತಿದ್ದ ಕೈ ಈಗ ಮೋಟರಿನ ಬಟನ್ ಒತ್ತುತ್ತದೆ, ಹೊಲಕ್ಕೆ ನಡೆಯುತ್ತಿದ್ದ ಕಾಲು ಬೈಕ್ ಹತ್ತಿದೆ. ಕಷ್ಟ ಕಡಿಮೆಯಾದದ್ದು ಒಳ್ಳೆಯದೇ, ಅದನ್ನು ಹಳಿಯುವವನು ನಾನಲ್ಲ. ಆದರೆ ಕಾರ್ಖಾನೆಯಲ್ಲಿ ತಯಾರಾದ ತಿನಿಸು ಹಸಿವಿನ ಲೆಕ್ಕವನ್ನೇ ಕೆಡಿಸುತ್ತದೆ ಎಂಬುದಕ್ಕೆ ಪುರಾವೆಯಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಇಪ್ಪತ್ತು ಜನರಿಗೆ ಎರಡು ವಾರ ಇಂಥ ತಿನಿಸು, ಎರಡು ವಾರ ಸಾದಾ ಅಡಿಗೆ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಕಾರ್ಖಾನೆ ತಿನಿಸಿನ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. 2019ರಲ್ಲಿ ಇದು ಪ್ರಕಟವಾಯಿತು. ಆ ಇಪ್ಪತ್ತು ಜನರ ಸಂಯಮ ಎರಡು ವಾರಕ್ಕೊಮ್ಮೆ ಬದಲಾಯಿತೆಂದು ಹೇಳೋಣವೇ? ಬದಲಾದದ್ದು ತಟ್ಟೆ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ತೆಳ್ಳಗಿದ್ದ ನನಗೆ ಸಕ್ಕರೆ ಕಾಯಿಲೆ ಏಕೆ ಬಂತು? ಇದಕ್ಕೆ ಬೆಳಕು ದೊರೆತದ್ದು ನಮ್ಮ ಮೈಸೂರಿನಿಂದಲೇ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಿಂದ ಹುಟ್ಟಿದವರಲ್ಲೇ ನಡುವಯಸ್ಸಿನ ಮೇಲೆ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಬಳಿಕ 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರ ಸಕ್ಕರೆಯನ್ನು ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸುತ್ತ ಬಂದರು. ಇದಕ್ಕೆ ಮೈಸೂರು ಪಾರ್ಥೆನಾನ್ ಅಧ್ಯಯನ ಎಂದು ಹೆಸರು. ಇಂಗ್ಲೆಂಡಿನ ಕೂಸುಗಳಿಗೆ ಹೋಲಿಸಿದರೆ ಮೈಸೂರಿನ ಕೂಸುಗಳು ತೂಕದಲ್ಲಿ, ತೋಳಿನ ಸುತ್ತಳತೆಯಲ್ಲಿ ಸಣ್ಣವು. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಾಗಿರಲಿಲ್ಲ. ಬಸುರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಕೊಬ್ಬು ಹೆಚ್ಚಾಗಿ ಕಾಣಿಸಿತು.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರೂ ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೂ ಜೊತೆಗೆ ನಿಂತ ಒಂದು ಚಿತ್ರ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಅಳತೆ ಇಬ್ಬರದೂ ಒಂದೇ, 22.3. ನೋಡಲು ಇಬ್ಬರೂ ತೆಳ್ಳಗೆ. ಮೈಯ ಕೊಬ್ಬು ಅಳೆದರೆ ಯುಡ್ಕಿನ್ ಅವರದು ನೂರಕ್ಕೆ 9.1, ಯಾಜ್ಞಿಕ್ ಅವರದು 21.2. ನಮ್ಮವರಲ್ಲಿ ಹಲವರು ಹೀಗೆ ಹೊರಗೆ ತೆಳು, ಒಳಗೆ ಕೊಬ್ಬು. ಆದ್ದರಿಂದಲೇ ಭಾರತೀಯರಿಗೆ ಎಚ್ಚರಿಕೆಯ ಗೆರೆಯನ್ನು 25ರ ಬದಲು 23ಕ್ಕೆ ಇಳಿಸಿದ್ದಾರೆ. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಎಂದಿದ್ದಾರೆ. ನನ್ನ ತಾಯಿ ನನ್ನನ್ನು ಹೊತ್ತಿದ್ದು ಬರದ ಕಾಲದಲ್ಲಿ. ಅವರು ಉಂಡದ್ದಕ್ಕಿಂತ ಬಡಿಸಿದ್ದೇ ಹೆಚ್ಚು. ನನ್ನ ಮೈಯ ಲೆಕ್ಕದ ಮೊದಲ ಪುಟ ನಾನು ಹುಟ್ಟುವ ಮೊದಲೇ ಬರೆದದ್ದಿರಬಹುದು.

"ಹೀಗೆಲ್ಲ ಹೇಳಿದರೆ ಜನ ಸೋಮಾರಿಗಳಾಗುತ್ತಾರೆ, ಎಲ್ಲವನ್ನೂ ಹಣೆಬರಹಕ್ಕೆ ಬಿಟ್ಟಂತಾಗುತ್ತದೆ, ಹಣೆಬರಹವನ್ನು ಒಪ್ಪದ ಧರ್ಮ ನಮ್ಮದು" ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ನನ್ನ ಉತ್ತರ ಇಷ್ಟೆ. ಕೋಡಿಯ ಎತ್ತರ ನಮ್ಮ ಕೈಯಲ್ಲಿಲ್ಲ, ಕಾಲುವೆಯ ಹಲಗೆ ಸ್ವಲ್ಪ ಮಟ್ಟಿಗೆ ಇದೆ. ಊಟ ಬದಲಿಸಿದರೆ, ನಡೆದರೆ, ನಿದ್ದೆ ಸರಿಮಾಡಿಕೊಂಡರೆ ತೂಕ ಎಷ್ಟೇ ಇಳಿಯಲಿ ಬಿಡಲಿ, ಸಕ್ಕರೆ, ರಕ್ತದೊತ್ತಡ, ಮಂಡಿ ಎಲ್ಲಕ್ಕೂ ಒಳ್ಳೆಯದು. ಅದನ್ನು ಮಾಡಲೇಬೇಕು, ದಪ್ಪಗಿರುವವರಷ್ಟೇ ಅಲ್ಲ, ನನ್ನಂಥ ತೆಳ್ಳಗಿನವರೂ ಮಾಡಬೇಕು. ಆದರೆ ಇಳಿದ ತೂಕವನ್ನು ಮರಳಿ ಏರಿಸಲು ಮೈಯೇ ಹಟ ಹಿಡಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಖರ್ಚು ಕಡಿಮೆ ಮಾಡುತ್ತದೆ. ಥೈರಾಯ್ಡ್ ತೊಂದರೆ, ಸ್ಟೆರಾಯ್ಡ್ ಮಾತ್ರೆ, ಇನ್ಸುಲಿನ್, ಕೆಲವು ಮನೋರೋಗದ ಔಷಧಗಳು ತೂಕ ಏರಿಸಬಲ್ಲವು. ಕಾರಣವಿಲ್ಲದೆ ತಟ್ಟನೆ ತೂಕ ಇಳಿದರೂ ಸಂತೋಷಪಡದೆ ವೈದ್ಯರ ಬಳಿ ಹೋಗಬೇಕು. ಇದೆಲ್ಲ ಪಂಕ್ತಿಯಲ್ಲಿ ಕೂತು ಕಣ್ಣಳತೆಯಿಂದ ತಿಳಿಯುವ ವಿಷಯವೇ?

ಹಂಗಿಸಿದರೆ ಯಾರೂ ತೆಳ್ಳಗಾಗುವುದಿಲ್ಲ. ನನ್ನ ತಂಗಿ ಗೋಷ್ಠಿಗೆಂದು ವಾರಕ್ಕೊಮ್ಮೆ ಒಂದೂವರೆ ಮೈಲಿ ನಡೆದು ಬರುತ್ತಿದ್ದಳು. ನಮ್ಮ ನಗು ಅವಳಿಂದ ಆ ನಡಿಗೆಯನ್ನೂ ಕಿತ್ತುಕೊಂಡಿತು, ಶರಣರ ಸಂಗವನ್ನೂ ಕಿತ್ತುಕೊಂಡಿತು. ಹುಟ್ಟಿನಿಂದ ಯಾರನ್ನೂ ಮೇಲು ಕೀಳೆನ್ನಬಾರದು ಎಂದು ಹನ್ನೆರಡನೆಯ ಶತಮಾನದಲ್ಲೇ ನಮಗೆ ಹೇಳಿಕೊಟ್ಟರು. ಹುಟ್ಟಿನಿಂದ ಬಂದ ಮೈಕಟ್ಟನ್ನು ಹಿಡಿದು ಒಬ್ಬರನ್ನು ಸಂಯಮಿ, ಇನ್ನೊಬ್ಬರನ್ನು ಹೊಟ್ಟೆಬಾಕ ಎನ್ನುವುದು ಆ ಹಳೆಯ ರೋಗದ್ದೇ ಇನ್ನೊಂದು ರೂಪವಲ್ಲವೇ?

ಆದ್ದರಿಂದ ಮಠಗಳ ಪೂಜ್ಯರಲ್ಲಿ, ಗೋಷ್ಠಿ ನಡೆಸುವ ಬಂಧುಗಳಲ್ಲಿ ಕೆಲವು ವಿನಂತಿಗಳು.

ಮೊದಲನೆಯದು, ಪ್ರಸಾದದ ಪಂಕ್ತಿಯಲ್ಲಿ ಯಾರ ಮೈ ಬಗ್ಗೆಯೂ ಮಾತು ಬೇಡ. ದಪ್ಪಗಿರುವವರನ್ನು ಹಾಸ್ಯ ಮಾಡುವುದೂ ಬೇಡ, ಸಣಕಲರನ್ನು "ಮನೆಯಲ್ಲಿ ಊಟ ಹಾಕಲ್ವಾ" ಎಂದು ಕೇಳುವುದೂ ಬೇಡ.

ಎರಡನೆಯದು, ಬಡಿಸುವ ಕ್ರಮ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದು ಎಂಬುದು ನಮ್ಮ ಒಳ್ಳೆಯ ನಿಯಮ. ಆದರೆ ಬೇಡವೆಂದರೂ ಬಡಿಸಿ, ಆಮೇಲೆ ಬಿಡಬೇಡಿ ಎನ್ನುವುದು ಒತ್ತಾಯ. ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಿರುಗಿಸಿ ಬರಲು ಹೇಳಿದ ತಾಯಿ ಆಕೆ. ಸಾಕು ಎಂಬ ಮಾತಿಗೆ ಇಷ್ಟು ಬೆಲೆ ಕೊಟ್ಟ ಪರಂಪರೆ ನಮ್ಮದು. ಮೊದಲು ಸ್ವಲ್ಪ ಬಡಿಸೋಣ, ಕೇಳಿದವರಿಗೆ ಮತ್ತೆ ಬಡಿಸೋಣ.

ಮೂರನೆಯದು, ದಾಸೋಹದ ತಟ್ಟೆ. ವಾರಕ್ಕೆ ಎರಡು ದಿನವಾದರೂ ಮುದ್ದೆ, ಕಾಳು, ಸೊಪ್ಪು ಇರಲಿ. ಸಿಹಿ ಒಂದೇ ಸಾಕು, ಅದೂ ವಿಶೇಷ ದಿನಗಳಿಗೆ. ರಾಗಿಯೂ ಪಿಷ್ಟವೇ, ಅದರಲ್ಲಿ ಮಾಯೆಯಿಲ್ಲ. ಆದರೆ ಜೊತೆಗೆ ಕಾಳು, ಸೊಪ್ಪು ಇದ್ದರೆ ಹೊಟ್ಟೆ ಬೇಗ ತುಂಬಿ ಹೆಚ್ಚು ಹೊತ್ತು ತಡೆಯುತ್ತದೆ.

ನಾಲ್ಕನೆಯದು, ನಡೆಯಲು ಜಾಗ. ನಮ್ಮ ಹೆಂಗಸರಿಗೆ ನಡೆಯಿರಿ ಎನ್ನುವುದು ಸುಲಭ. ಎಲ್ಲಿ ನಡೆಯಬೇಕು? ಕೋಲಾರ–ಮುಳಬಾಗಿಲು ಹೆದ್ದಾರಿಯಲ್ಲಿ ಲಾರಿಗಳ ನಡುವೆಯೇ? ಮಠದ, ಸಮುದಾಯ ಭವನದ ಅಂಗಳವನ್ನು ಬೆಳಿಗ್ಗೆ ಸಂಜೆ ಒಂದೊಂದು ಗಂಟೆ ಹೆಂಗಸರಿಗೆಂದು ತೆರೆದಿಟ್ಟರೆ ಖರ್ಚೇನೂ ಇಲ್ಲ.

ಐದನೆಯದು, ಬಸುರಿ ಹೆಣ್ಣುಮಕ್ಕಳ ಆರೈಕೆ. ಅವರ ಸಕ್ಕರೆ ಪರೀಕ್ಷೆಯಾಗಲಿ, ಅವರ ಎಲೆಗೆ ಕಾಳು, ಹಾಲು, ಸೊಪ್ಪು ಮೊದಲು ಬೀಳಲಿ. ಎಲ್ಲರೂ ಉಂಡ ಮೇಲೆ ಸೊಸೆ ಉಣ್ಣಬೇಕು ಎಂಬ ಪದ್ಧತಿ ಉಳಿದಿರುವ ಮನೆಗಳಲ್ಲಿ ಅದು ಇಂದೇ ನಿಲ್ಲಲಿ. ಮುಂದಿನ ಪೀಳಿಗೆಯ ಆರೋಗ್ಯದ ಮೊದಲ ಪುಟ ಅಲ್ಲೇ ಬರೆಯುವುದು.

ಕಳೆದ ತಿಂಗಳು ತಂಗಿಯ ಮನೆಗೆ ಹೋದೆ. "ಅವತ್ತು ನಾನೂ ನಕ್ಕೆನಮ್ಮ, ತಪ್ಪಾಯಿತು" ಎಂದೆ. ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನೀನು ನಕ್ಕಿದ್ದನ್ನೇ ನಾನು ನೋಡಿದ್ದು ಅಣ್ಣ, ಅವರು ಅಂದಿದ್ದಕ್ಕಲ್ಲ" ಎಂದಳು. ಈಗ ಸಂಜೆ ಇಬ್ಬರೂ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆಯುತ್ತೇವೆ. ಅವಳು ಮಂಡಿಗಾಗಿ, ನಾನು ಸಕ್ಕರೆಗಾಗಿ. ಅವಳ ತೂಕ ಹೆಚ್ಚೇನೂ ಇಳಿದಿಲ್ಲ, ನಾನು ಕೇಳುವುದೂ ಇಲ್ಲ. ಬರುವ ಗೋಷ್ಠಿಗೆ ಬರುತ್ತೇನೆ ಎಂದಿದ್ದಾಳೆ. ಅವಳು ಬಂದು ಕೂತಾಗ ಆ ಪಂಕ್ತಿ ಹೇಗಿರಬೇಕು ಎಂಬುದು ಇನ್ನು ನಮ್ಮೆಲ್ಲರ ಕೈಯಲ್ಲಿದೆ.